‘ಅ ಒರಾ ದ ಇಸ್ತ್ರೇಲಾ’: ಮಕಬೇಯಾಳ ಬಡತನದ ಬಗ್ಗೆ ಬರೆಯುವಾಗ ಆ ನಿರೂಪಕನನ್ನು ಏನು ಮಾಡುವುದು?

ಪ್ರಶ್ನೆ

ಕ್ಲಾರಿಸ್ ಲಿಸ್ಪೆಕ್ಟರ್ ಅವರ ‘ಅ ಒರಾ ದ ಇಸ್ತ್ರೇಲಾ’ (ನಕ್ಷತ್ರದ ಗಳಿಗೆ, 1977) ಕುರಿತು ಹತ್ತು ಪುಟಗಳ ವಿಮರ್ಶಾ ಲೇಖನ ಬರೆಯಬೇಕಿದೆ. ವಿಷಯ: ಬಡತನ ಮತ್ತು ಅಂಚಿಗೆ ಸರಿದವರ ಬದುಕು. ಓದಿರುವುದು ಇಂಗ್ಲಿಷ್ ಅನುವಾದದಲ್ಲಿ.

ಕಥೆಯನ್ನು ನಾಲ್ಕು ಸಾಲಿನಲ್ಲಿ ಹೇಳಿಬಿಡಬಹುದು. ಈಶಾನ್ಯ ಬ್ರೆಜಿಲ್‌ನ ಅಲಗೋಅಸ್‌ನಿಂದ ರಿಯೊ ಡಿ ಜನೈರೊಗೆ ಬಂದ 19 ವರ್ಷದ ಟೈಪಿಸ್ಟ್ ಮಕಬೇಯಾ. ಒಲಿಂಪಿಕೊ ಎಂಬವನ ಜೊತೆ ಒಂದಿಷ್ಟು ದಿನದ ಓಡಾಟ, ಆಮೇಲೆ ಅವನು ಸಹೋದ್ಯೋಗಿ ಗ್ಲೋರಿಯಾಳ ಕಡೆ ಹೋಗುತ್ತಾನೆ. ಇಸ್ಪೀಟು ನೋಡಿ ಭವಿಷ್ಯ ಹೇಳುವವಳು ದೊಡ್ಡ ಸುಖ ಕಾದಿದೆ ಎನ್ನುತ್ತಾಳೆ, ಅಲ್ಲಿಂದ ಹೊರಬಂದ ಕೂಡಲೇ ಕಾರು ಗುದ್ದಿ ಹುಡುಗಿ ಸಾಯುತ್ತಾಳೆ. ಆದರೆ ಪುಸ್ತಕದ ದೊಡ್ಡ ಪಾಲನ್ನು ರೊಡ್ರಿಗೊ ಎಸ್.ಎಂ. ಎಂಬ ನಿರೂಪಕ ತನ್ನ ಬಗ್ಗೆಯೇ ಹೇಳಿಕೊಳ್ಳಲು ಬಳಸಿಕೊಳ್ಳುತ್ತಾನೆ. ಅವನನ್ನು ಬಿಟ್ಟು ಮಕಬೇಯಾಳ ಬಗ್ಗೆ ಮಾತ್ರ ಬರೆದರೆ ನಡೆಯುತ್ತದೆಯೇ? ಕೊಳೆಗೇರಿಯಲ್ಲಿ ಬದುಕುವ ಅನಕ್ಷರಸ್ಥ ಹೆಣ್ಣೊಬ್ಬಳ ಶೋಷಣೆಯ ಕಥೆ, ಒಲಿಂಪಿಕೊ ಅದರಲ್ಲಿ ಖಳ ಎಂಬ ಚೌಕಟ್ಟು ಹಾಕಿಕೊಂಡಿದ್ದೇನೆ. ಆರಂಭದಲ್ಲಿ ಬರುವ 13 ಶೀರ್ಷಿಕೆಗಳನ್ನು ಹೇಗೆ ಬಳಸುವುದು, ಕೊನೆಯ ಸಾವನ್ನು ಹೇಗೆ ಓದುವುದು ಎನ್ನುವುದೂ ತಿಳಿಯುತ್ತಿಲ್ಲ.

ಉತ್ತರ 1

ನಿರೂಪಕನನ್ನು ಬಿಟ್ಟರೆ ಲೇಖನ ನಿಲ್ಲುವುದಿಲ್ಲ. ಮೊದಲು ಒಂದು ಕೆಲಸ ಮಾಡಿ: ಎರಡನೇ ಓದಿಗೆ ಪೆನ್ಸಿಲ್ ಹಿಡಿದು ಕೂತು ಪ್ರತಿ ಪ್ಯಾರಾದ ಪಕ್ಕ ‘ರೊ’ ಅಥವಾ ‘ಮ’ ಎಂದು ಬರೆಯುತ್ತಾ ಹೋಗಿ. ಎರಡೂ ಬೆರೆತಿದ್ದಲ್ಲಿ ಎರಡನ್ನೂ ಹಾಕಿ. ಮೊದಲ ಭಾಗದಲ್ಲಿ ‘ಮ’ ಸಿಗುವುದೇ ಅಪರೂಪ. ರೊಡ್ರಿಗೊ ಕಥೆ ಶುರುಮಾಡುತ್ತೇನೆ ಎನ್ನುತ್ತಾನೆ, ಮುಂದೂಡುತ್ತಾನೆ, ಮತ್ತೆ ಶುರುಮಾಡುತ್ತೇನೆ ಎನ್ನುತ್ತಾನೆ. ಅವಳ ಹೆಸರು ನಮಗೆ ತಿಳಿಯುವುದೇ ಬಹಳ ತಡವಾಗಿ, ಮಳೆಯಲ್ಲಿ ಸಿಕ್ಕ ಒಲಿಂಪಿಕೊ ಕೇಳಿದಾಗ. ಹೆಸರು ಕೇಳಿ ಅವನು ಅದೇನೋ ರೋಗದ ಹೆಸರಿನಂತಿದೆ, ಚರ್ಮರೋಗದ್ದು ಎನ್ನುತ್ತಾನೆ. ತನಗೆ ಒಂದು ವರ್ಷದವರೆಗೆ ಹೆಸರೇ ಇರಲಿಲ್ಲವೆಂದು ಅವಳು ಹೇಳುವುದೂ ಅಲ್ಲೇ. ಯಾವ ಪುಟದಲ್ಲಿ ಯಾರು ಎಷ್ಟು ಜಾಗ ಹಿಡಿದಿದ್ದಾರೆ ಎಂಬ ಈ ಲೆಕ್ಕವೇ ನಿಮ್ಮ ಮೊದಲ ಸಾಕ್ಷ್ಯ. ತನ್ನದೇ ಕಥೆಯೊಳಗೆ ಬರಲು ಅವಳಿಗೆ ಸರದಿ ಸಿಗುವುದಿಲ್ಲ.

ಎರಡನೆಯದು, ದನಿಗಳ ಪದರ. ಅರ್ಪಣೆಯ ತಲೆಬರಹ ‘ಲೇಖಕನ ಅರ್ಪಣೆ’ ಎಂದು ಪುಲ್ಲಿಂಗದಲ್ಲಿದೆ, ಪಕ್ಕದಲ್ಲೇ ಕಂಸದೊಳಗೆ ‘ನಿಜವಾಗಿ ಕ್ಲಾರಿಸ್ ಲಿಸ್ಪೆಕ್ಟರ್’ ಎಂದಿದೆ. ಇದನ್ನು ಬರೆಯಲು ಗಂಡಸೇ ಆಗಬೇಕಿತ್ತು, ಹೆಂಗಸಾದರೆ ಕಣ್ಣೀರು ಹರಿಸಿಬಿಡುತ್ತಾಳೆ ಎಂದು ರೊಡ್ರಿಗೊ ಹೇಳುತ್ತಾನೆ. ಆ ಮಾತನ್ನು ಬರೆದ ಕೈ ಹೆಂಗಸಿನದು ಎಂಬುದನ್ನು ಮರೆತು ಅವನ ಮಾತನ್ನೇ ಲೇಖಕಿಯ ಅಭಿಪ್ರಾಯವೆಂದು ಉದ್ಧರಿಸುವವರು ಬಹಳ. ಪ್ರತಿ ಉದ್ಧರಣೆಗೂ ‘ಇದು ರೊಡ್ರಿಗೊನ ಮಾತು’ ಎಂದು ನಮೂದಿಸಿಯೇ ಮುಂದೆ ಹೋಗಿ.

ಮೂರನೆಯದು, ಅವನ ವೇಷ. ಆ ಹುಡುಗಿಯ ಮಟ್ಟಕ್ಕೆ ಇಳಿಯಬೇಕೆಂದು ಅವನು ಗಡ್ಡ ಬೋಳಿಸುವುದನ್ನು ಬಿಡುತ್ತಾನೆ, ನಿದ್ದೆ ಕೆಡುತ್ತಾನೆ, ಹರಿದ ಬಟ್ಟೆ ಹಾಕುತ್ತಾನೆ. ಅವನು ಉಟ್ಟಿದ್ದನ್ನು ಬೇಕೆಂದಾಗ ಕಳಚಬಹುದು, ಅವಳಿಗೆ ಆ ಸೌಲಭ್ಯವಿಲ್ಲ. ತನಗೆ ವರ್ಗವೇ ಇಲ್ಲ ಎನ್ನುತ್ತಾನೆ: ಮೇಲಿನವರಿಗೆ ತಾನು ವಿಚಿತ್ರ ಪ್ರಾಣಿ, ನಡುವಿನವರಿಗೆ ಅನುಮಾನ, ಕೆಳಗಿನವರು ತನ್ನ ಬಳಿ ಬರುವುದೇ ಇಲ್ಲ. ‘ಅಂಚು’ ಎಂಬ ಪದವನ್ನು ಲೇಖಕನೂ ತನಗಾಗಿ ಕೇಳುತ್ತಿದ್ದಾನೆ, ನೋಡಿ. ಅದನ್ನು ಕೊಡಬೇಕೇ ಎಂಬ ಪ್ರಶ್ನೆಗೆ ನಿಮ್ಮ ಲೇಖನ ಉತ್ತರ ಹೇಳಲೇಬೇಕು. ಮಕಬೇಯಾ ಕನ್ನಡಿ ನೋಡಿಕೊಂಡಾಗ ಅದರಲ್ಲಿ ಅವನ ದಣಿದ, ಗಡ್ಡ ಬೆಳೆದ ಮುಖ ಕಾಣುವ ಜಾಗವನ್ನು ಇದರ ಜೊತೆಗಿಟ್ಟು ಓದಿ. ಅದನ್ನು ‘ತಾದಾತ್ಮ್ಯ’ ಎಂದು ಹೊಗಳುವುದು ವಾಡಿಕೆ. ನನ್ನ ಓದಿನಲ್ಲಿ ಅದು ಕಳವೂ ಹೌದು: ಅವಳ ಪ್ರತಿಬಿಂಬ ಕೂಡ ಅವಳಿಗೆ ಉಳಿಯಲಿಲ್ಲ.

ಶೀರ್ಷಿಕೆಗಳನ್ನು ಪಟ್ಟಿಮಾಡಿ ವಿವರಿಸಲು ಹೋಗಬೇಡಿ, ಪುಟ ತುಂಬುತ್ತದೆ, ವಾದ ಮುಂದೆ ಹೋಗುವುದಿಲ್ಲ. ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಕೇಳಿಕೊಂಡು ವಿಂಗಡಿಸಿ. ‘ತಪ್ಪು ನನ್ನದು’ ಮತ್ತು ‘ನಾನೇನೂ ಮಾಡಲಾರೆ’ ಒಂದೇ ಬಾಯಿಂದ ಬರುತ್ತವೆ. ‘ಅವಳ ಪಾಡು ಅವಳು ನೋಡಿಕೊಳ್ಳಲಿ’ ಸುತ್ತಲಿನ ಸಮಾಜದ ಬಾಯಿ. ‘ಕೂಗುವ ಹಕ್ಕು’, ‘ಅವಳಿಗೆ ಕೂಗಲು ಬರುವುದಿಲ್ಲ’ ಇವೆರಡನ್ನು ಎದುರುಬದುರು ಇಟ್ಟರೆ ಕಾದಂಬರಿಯ ಇಕ್ಕಟ್ಟು ಒಂದೇ ಸಾಲಿನಲ್ಲಿ ಸಿಗುತ್ತದೆ: ಹಕ್ಕಿದೆ, ಕೂಗಲು ಬಾರದು. ‘ಕಣ್ಣೀರು ಬರಿಸುವ ಕೊರ್ದೆಲ್ ಕಥೆ’ ಎಂಬುದಕ್ಕೆ ಒಂದು ವಿವರಣೆ ಬೇಕಾದೀತು. ಕೊರ್ದೆಲ್ ಅಂದರೆ ಈಶಾನ್ಯ ಬ್ರೆಜಿಲ್‌ನ ಸಂತೆಗಳಲ್ಲಿ ದಾರಕ್ಕೆ ನೇತುಹಾಕಿ ಮಾರುವ ಅಗ್ಗದ ಪದ್ಯಪುಸ್ತಿಕೆ. ಲೇಖಕಿಯ ಸಹಿಯೂ ಆ ಶೀರ್ಷಿಕೆಗಳ ನಡುವೆಯೇ ಇದೆ, ಅವಳೂ ಆ ಪಟ್ಟಿಯ ಒಂದು ಬಾಬತ್ತು ಎಂಬಂತೆ.

ಉತ್ತರ 2

ಮೇಲಿನವರು ದನಿಯ ಬಗ್ಗೆ ಹೇಳಿದರು. ನಾನು ವಸ್ತುಗಳ ಬಗ್ಗೆ ಹೇಳುತ್ತೇನೆ, ಏಕೆಂದರೆ ಹತ್ತು ಪುಟದ ಲೇಖನದಲ್ಲಿ ಬಡತನ ಕಣ್ಣಿಗೆ ಕಾಣಬೇಕಾದರೆ ಅವೇ ಬೇಕು.

ಅವಳು ತಿನ್ನುವುದು ಹಾಟ್‌ಡಾಗ್, ಕುಡಿಯುವುದು ಕೋಕಾಕೋಲಾ. ಈ ಬರಹವೇ ಲೋಕದ ಅತಿ ಜನಪ್ರಿಯ ತಂಪುಪಾನೀಯದ ಪ್ರಾಯೋಜಕತ್ವದಲ್ಲಿ ನಡೆಯುತ್ತಿದೆ ಎಂದು ರೊಡ್ರಿಗೊ ಹೇಳುವುದನ್ನು ಇದಕ್ಕೆ ಜೋಡಿಸಿ. ರಾತ್ರಿ ಹಸಿವಾದಾಗ ದನದ ತೊಡೆಯ ಮಾಂಸವನ್ನು ನೆನೆಯುತ್ತಾ ಕಾಗದವನ್ನು ಚೆನ್ನಾಗಿ ಅಗಿದು ನುಂಗುತ್ತಾಳೆ. ಅವಳು ಟೈಪಿಸ್ಟ್, ಹಗಲಲ್ಲಿ ತಪ್ಪು ಹೊಡೆದು ಹಾಳುಮಾಡಿ ಬೈಸಿಕೊಳ್ಳುವುದೂ ಕಾಗದವನ್ನೇ. ಹಳೆಯ ಪತ್ರಿಕೆಗಳ ಜಾಹೀರಾತು ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುತ್ತಾಳೆ. ಅದರಲ್ಲಿರುವ ಮುಖಕ್ಕೆ ಹಚ್ಚುವ ಕ್ರೀಮು ಸಿಕ್ಕಿದರೆ ಚಮಚದಲ್ಲಿ ತಿಂದುಬಿಡುತ್ತಿದ್ದಳು. ಗ್ಲೋರಿಯಾಳ ಮನೆಯಲ್ಲಿ ಗಟ್ಟಿ ಹಾಲಿನ ಚಾಕೊಲೇಟ್ ಕುಡಿದ ಮೇಲೆ ಹೊಟ್ಟೆ ತೊಳಸಿದರೂ, ಅಂಥ ಐಷಾರಾಮ ವ್ಯರ್ಥವಾದೀತೆಂದು ವಾಂತಿ ತಡೆದುಕೊಳ್ಳುತ್ತಾಳೆ. ಈ ನಾಲ್ಕನ್ನು ಸಾಲಾಗಿಟ್ಟು ನೋಡಿ. ಹಸಿವು ಇಲ್ಲಿ ತಿನ್ನಬಹುದಾದದ್ದಕ್ಕೂ ತಿನ್ನಬಾರದ್ದಕ್ಕೂ ನಡುವಣ ಗೆರೆಯನ್ನೇ ಅಳಿಸಿಹಾಕಿದೆ.

ಇನ್ನು ರೇಡಿಯೊ. ಅದೂ ಸ್ವಂತದ್ದಲ್ಲ, ಕೋಣೆಯ ಗೆಳತಿಯಿಂದ ಎರವಲು ತಂದದ್ದು. ಬೆಳಗಿನ ಜಾವ ಸದ್ದು ತಗ್ಗಿಸಿ ಕೇಳುತ್ತಾಳೆ. ರೇಡಿಯೊ ರೆಲೋಜಿಯೊ ಸರಿಯಾದ ಸಮಯ ಹೇಳುತ್ತದೆ, ನಿಮಿಷಕ್ಕೊಂದು ಹನಿ ತೊಟ್ಟಿಕ್ಕುವ ಶಬ್ದ ಕೊಡುತ್ತದೆ, ನಡುನಡುವೆ ಜಾಹೀರಾತು ಮತ್ತು ಚೂರುಪಾರು ಜ್ಞಾನ. ನೊಣ ನೇರವಾಗಿ ಹಾರಿದರೆ 28 ದಿನದಲ್ಲಿ ಭೂಮಿ ಸುತ್ತುತ್ತದಂತೆ ಎಂಬುದು ಅಲ್ಲಿ ಕಲಿತದ್ದು. ಒಲಿಂಪಿಕೊಗೆ ಹೇಳಿದರೆ ಸುಳ್ಳು ಎನ್ನುತ್ತಾನೆ. ‘ಅಜ್ಞಾನ’ ಎಂಬ ಪದ ಬಳಸುವ ಮುನ್ನ ಈ ಪುಟಗಳನ್ನು ಮತ್ತೆ ಓದಿ. ಅವಳಿಗೆ ಪದಗಳ ಮೇಲೆ ಆಸೆ ಇದೆ, ಕೇಳಿಸಿಕೊಂಡದ್ದರ ಅರ್ಥ ಏನೆಂದು ಕೇಳುತ್ತಾಳೆ. ಉತ್ತರ ಕೊಡುವವರಿಲ್ಲ, ಬೈಯುವವರಿದ್ದಾರೆ.

ನನಗೆ ಅತ್ಯಂತ ಮುಖ್ಯವಾದ ಸಾಲುಗಳು ಇನ್ನೊಂದು ಕಡೆ ಇವೆ. ಉಳ್ಳವರಿದ್ದಾರೆ, ಇಲ್ಲದವರಿದ್ದಾರೆ, ಆ ಹುಡುಗಿಗೆ ಇರಲಿಲ್ಲ ಎನ್ನುತ್ತಾನೆ ರೊಡ್ರಿಗೊ. ಏನಿರಲಿಲ್ಲ ಎಂದು ತಾನೇ ಕೇಳಿಕೊಂಡು, ಅಷ್ಟೇ, ಇರಲಿಲ್ಲ ಎಂದು ಮುಗಿಸುತ್ತಾನೆ. ಪೋರ್ಚುಗೀಸಿನಲ್ಲಿ ‘ತೆರ್’ (ಹೊಂದಿರು) ಕರ್ಮ ಬೇಡುವ ಕ್ರಿಯಾಪದ. ಕರ್ಮವನ್ನು ಕಿತ್ತುಹಾಕಿದ್ದರಿಂದ ವಾಕ್ಯವೇ ಬಡವಾಗಿದೆ. ಕನ್ನಡದಲ್ಲಿ ಇದು ಇನ್ನೂ ತೀಕ್ಷ್ಣವಾಗುತ್ತದೆ. ‘ಅವಳಿಗೆ ಇರಲಿಲ್ಲ’ ಮತ್ತು ‘ಅವಳು ಇರಲಿಲ್ಲ’ ಇವೆರಡರ ನಡುವೆ ಇರುವುದು ಒಂದು ವಿಭಕ್ತಿ ಪ್ರತ್ಯಯ ಮಾತ್ರ. ಕಾದಂಬರಿ ಉದ್ದಕ್ಕೂ ಮಕಬೇಯಾ ಜಾರುವುದು ಈ ಎರಡು ವಾಕ್ಯಗಳ ನಡುವೆ. ಕನ್ನಡದಲ್ಲೇ ಬರೆಯುತ್ತಿರುವುದರಿಂದ ಇದನ್ನು ಬಳಸಿಕೊಳ್ಳಿ.

ಅದೇ ಬಗೆಯ ಇನ್ನೊಂದು ಜಾಗ: ಪದೇಪದೇ ಆಸ್ಪಿರಿನ್ ಏಕೆ ಕೇಳುತ್ತೀಯ ಎಂದು ಗ್ಲೋರಿಯಾ ಕೇಳಿದಾಗ ಮಕಬೇಯಾ ಯಾವ ಅಂಗದ ಹೆಸರನ್ನೂ ಹೇಳುವುದಿಲ್ಲ. ನೋವು ಒಳಗೆ, ಎಲ್ಲ ಹೊತ್ತೂ. ‘ನನಗೆ ತಲೆ ನೋಯುತ್ತದೆ’ ಎಂಬಲ್ಲಿಂದ ‘ತಲೆ’ಯನ್ನು ತೆಗೆದರೆ ಉಳಿಯುವ ವಾಕ್ಯ ಅದು.

ಬಾಸ್‌ನ ಕೈಬರಹದಿಂದ ನಕಲು ಮಾಡುವಾಗ ‘ದೆಸಿಗ್ನಾರ್’ (ಸೂಚಿಸು) ಎಂಬ ಪದವನ್ನು ಅವಳು ಬಾಯಿಮಾತಿನಲ್ಲಿ ಹೇಗೋ ಹಾಗೆ ‘ದೆಸಿಗಿನಾರ್’ ಎಂದು ಹೊಡೆಯುತ್ತಾಳೆ. ಒಂದು ಸ್ವರದಷ್ಟು ವ್ಯತ್ಯಾಸ. ಅವಳ ಊರು, ಓದು, ವರ್ಗ ಎಲ್ಲವೂ ಆ ಒಂದು ಅಕ್ಷರದಲ್ಲಿ ಬಯಲಾಗುತ್ತವೆ. ಅನುವಾದದಲ್ಲಿ ಇಂಥವು ಸವೆದುಹೋಗುತ್ತವೆ. ಇಂಗ್ಲಿಷಿನಲ್ಲಿ ಜೊವಾನಿ ಪೊಂತಿಯೆರೊ (1986) ವಾಕ್ಯಗಳನ್ನು ನಯಗೊಳಿಸುತ್ತಾರೆ, ಬೆಂಜಮಿನ್ ಮೋಸರ್ (2011) ಮೂಲದ ಒರಟನ್ನು ಹೆಚ್ಚು ಉಳಿಸುತ್ತಾರೆ. ಶೈಲಿಯ ಬಗ್ಗೆ ವಾದ ಮಾಡುವುದಾದರೆ ಒಂದೇ ಅನುವಾದವನ್ನು ನಂಬಬೇಡಿ.

ಉತ್ತರ 3

ಚೌಕಟ್ಟಿನಲ್ಲೇ ಎರಡು ತಪ್ಪುಗಳಿವೆ, ಬರೆಯಲು ಕೂರುವ ಮೊದಲು ಸರಿಪಡಿಸಿಕೊಳ್ಳಿ.

ಮಕಬೇಯಾ ಇರುವುದು ಫವೇಲಾದಲ್ಲಿ, ಅಂದರೆ ಕೊಳೆಗೇರಿಯಲ್ಲಿ, ಅಲ್ಲ. ಆಕ್ರೆ ರಸ್ತೆಯಲ್ಲಿ, ಬಂದರಿನ ಹತ್ತಿರ, ನಾಲ್ವರ ಜೊತೆ ಹಂಚಿಕೊಂಡ ಬಾಡಿಗೆ ಕೋಣೆಯಲ್ಲಿ. ನಾಲ್ವರ ಹೆಸರೂ ಮರಿಯಾ ಎಂದೇ ಶುರುವಾಗುತ್ತದೆ, ನಾಲ್ವರೂ ಲೋಜಸ್ ಅಮೆರಿಕಾನಸ್ ಅಂಗಡಿಯಲ್ಲಿ ದುಡಿಯುತ್ತಾರೆ. ಸುತ್ತ ಕಲ್ಲಿದ್ದಲು ಮತ್ತು ಸಿಮೆಂಟಿನ ಗೋದಾಮುಗಳು, ನಾವಿಕರಿಗಾಗಿ ಕಾಯುವ ವೇಶ್ಯೆಯರು. ಅನಕ್ಷರಸ್ಥಳೂ ಅಲ್ಲ. ಪ್ರಾಥಮಿಕ ಶಾಲೆಯ ಮೂರನೇ ವರ್ಷದವರೆಗೆ ಓದಿದ್ದಾಳೆ, ಸಾಕಿದ ಚಿಕ್ಕಮ್ಮ ಟೈಪಿಂಗ್ ತರಬೇತಿ ಕೊಡಿಸಿದ್ದಾಳೆ. ಸಂಬಳ ಕನಿಷ್ಠ ವೇತನಕ್ಕಿಂತಲೂ ಕಡಿಮೆ. ಈ ವಿವರಗಳು ತಪ್ಪಿದರೆ ವಾದವೂ ತಪ್ಪುತ್ತದೆ, ಏಕೆಂದರೆ ಲಿಸ್ಪೆಕ್ಟರ್ ತೋರಿಸುತ್ತಿರುವುದು ನಗರದ ನಟ್ಟನಡುವೆ, ಕಚೇರಿಯ ಕುರ್ಚಿಯಲ್ಲಿ ಕೂತವಳ ಬಡತನ. ಅವಳಿಗೊಂದು ಪದವಿಯಿದೆ, ‘ಟೈಪಿಸ್ಟ್’. ಒಲಿಂಪಿಕೊಗೂ ಇದೆ: ತಾನು ಬರೀ ಕಾರ್ಮಿಕನಲ್ಲ, ಲೋಹದ ಕೆಲಸಗಾರ ಎನ್ನುತ್ತಾನೆ. ಟೈಪಿಸ್ಟ್ ಮತ್ತು ಲೋಹದ ಕೆಲಸಗಾರ, ಇದು ಅಂತಸ್ತಿನ ಜೋಡಿ ಎಂದು ಇಬ್ಬರಿಗೂ ಹೆಮ್ಮೆ. ಈ ಹೆಮ್ಮೆಯನ್ನು ಗೇಲಿ ಮಾಡುವಂತೆ ಬರೆಯಬೇಡಿ. ವ್ಯವಸ್ಥೆ ಅವರಿಗೆ ಕೊಟ್ಟದ್ದು ಪದವಿಯ ಹೆಸರು ಮಾತ್ರ, ಅದನ್ನವರು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ.

ಒಲಿಂಪಿಕೊ ಖಳ ಎಂಬುದು ಎರಡನೆಯ ತಪ್ಪು. ಅವನೂ ಈಶಾನ್ಯದವನೇ, ಪರೈಬಾದವನು. ತನಗೆ ಉದ್ದನೆಯ ಕುಲನಾಮವಿದೆ ಎಂದು ಸುಳ್ಳು ಹೇಳುತ್ತಾನೆ, ನಿಜದಲ್ಲಿ ಇರುವುದು ‘ಜಿ ಜೆಸೂಸ್’ ಒಂದೇ, ತಂದೆಯಿಲ್ಲದ ಮಕ್ಕಳಿಗೆ ಇಡುವ ಹೆಸರು. ಊರಲ್ಲಿ ಒಬ್ಬನನ್ನು ಕೊಂದು ಬಂದಿದ್ದಾನೆ, ಕೈಗಡಿಯಾರ ಕದ್ದಿದ್ದಾನೆ, ಚಿನ್ನದ ಹಲ್ಲು ಕಟ್ಟಿಸಿಕೊಂಡಿದ್ದಾನೆ, ಮುಂದೆ ಸಂಸದನಾಗುವ ಕನಸಿದೆ. ಅದೇ ಕೈಯಲ್ಲಿ ಮರದ ಸಂತರ ಮೂರ್ತಿಗಳನ್ನೂ ಕೆತ್ತುತ್ತಾನೆ, ಅವನ್ನು ಮಾರುವುದಿಲ್ಲ. ಮಕಬೇಯಾಳನ್ನು ಸೂಪಿನಲ್ಲಿ ಬಿದ್ದ ಕೂದಲು ಎಂದು ಕರೆಯುವವನೂ ಅವನೇ. ಗ್ಲೋರಿಯಾಳಲ್ಲಿ ಅವನು ಕಂಡದ್ದೇನು? ರಿಯೊದಲ್ಲೇ ಹುಟ್ಟಿದವಳು, ಮೈತುಂಬಿಕೊಂಡವಳು, ಕೂದಲಿಗೆ ಹೊಂಬಣ್ಣ ಹಾಕಿಸಿದವಳು, ಅಪ್ಪ ಮಾಂಸದಂಗಡಿಯಲ್ಲಿ ಕೆಲಸದಲ್ಲಿದ್ದಾನೆ. ಹಸಿವಿನ ನಾಡಿನಿಂದ ಬಂದವನಿಗೆ ಮಾಂಸದಂಗಡಿ ಎಂದರೆ ಏನು ಎಂದು ಯೋಚಿಸಿ. ಪ್ರೇಮತ್ರಿಕೋನ ಎಂದು ಬರೆದರೆ ಇದೆಲ್ಲ ಕಣ್ಣು ತಪ್ಪುತ್ತದೆ. ಅಂಚಿನಲ್ಲೂ ಮೆಟ್ಟಿಲುಗಳಿವೆ, ಒಂದು ಮೆಟ್ಟಿಲು ಹತ್ತಲು ಕೆಳಗಿನವಳ ಹೆಗಲು ಬೇಕು.

ಹಿನ್ನೆಲೆಯನ್ನು ಅರ್ಧ ಪುಟಕ್ಕೆ ಮುಗಿಸಿ. ಈಶಾನ್ಯದ ಒಣನಾಡಿನಿಂದ, ಅಂದರೆ ಸೆರ್ತಾವ್‌ನಿಂದ, ಬರ ಮತ್ತು ಭೂಮಿಯಿಲ್ಲದ ಸ್ಥಿತಿಯ ಕಾರಣ ರಿಯೊ, ಸಾವೊ ಪಾವ್ಲೊ ಕಡೆಗೆ ಇಪ್ಪತ್ತನೆಯ ಶತಮಾನದುದ್ದಕ್ಕೂ ನಡೆದ ವಲಸೆ; 1964ರಿಂದ 1985ರವರೆಗಿನ ಸೇನಾಡಳಿತ. ಈ ಕಥೆ ತುರ್ತುಸ್ಥಿತಿ ಮತ್ತು ಸಾರ್ವಜನಿಕ ವಿಪತ್ತಿನ ಕಾಲದಲ್ಲಿ ನಡೆಯುತ್ತದೆ ಎಂದು ಅರ್ಪಣೆಯಲ್ಲೇ ಇದೆ, ಉತ್ತರ ಸಿಗದ ಕಾರಣ ಪುಸ್ತಕ ಅಪೂರ್ಣ ಎಂದೂ ಇದೆ. ಲಿಸ್ಪೆಕ್ಟರ್ ಹುಟ್ಟಿದ್ದು ಉಕ್ರೇನಿನಲ್ಲಿ, 1920ರಲ್ಲಿ. ಬಾಲ್ಯ ಅಲಗೋಅಸ್‌ನ ಮಸೆಯೊ ಮತ್ತು ಪೆರ್ನಂಬುಕೊದ ರೆಸೀಫೆಯಲ್ಲಿ ಕಳೆಯಿತು. ‘ಮಕಬೇಯಾ’ ಎಂಬ ಹೆಸರಿನಲ್ಲಿ ಸಾಮ್ರಾಜ್ಯದ ವಿರುದ್ಧ ಸೆಣಸಿದ ಯಹೂದಿ ಮಕಬಿಯರ ನೆನಪಿದೆ ಎಂಬ ಓದು ಚಾಲ್ತಿಯಲ್ಲಿದೆ. ಲೇಖಕಿಯ ಯಹೂದಿ ಹಿನ್ನೆಲೆ ಅದಕ್ಕೆ ಬಲ ಕೊಡುತ್ತದೆ. ಆದರೆ ಅದರ ಮೇಲೆ ಪೂರ್ತಿ ಲೇಖನ ಕಟ್ಟಬೇಡಿ, ಆ ಭಾರ ಅದು ತಾಳುವುದಿಲ್ಲ.

ಪ್ರಶ್ನೆ ಕೇಳಿದವರು

ಕೊಳೆಗೇರಿ, ಅನಕ್ಷರತೆ, ಖಳ ಮೂರನ್ನೂ ಹೊಡೆದುಹಾಕಿದೆ. ಆಕ್ರೆ ರಸ್ತೆಯ ಪುಟಗಳನ್ನು ಮತ್ತೆ ಓದಿದೆ, ನೀವೆಲ್ಲ ಹೇಳಿದ್ದು ಸರಿ. ಒಂದು ಅನುಮಾನ ಉಳಿದಿದೆ. ಮಕಬೇಯಾಗೆ ತನ್ನ ದುಃಖ ಗೊತ್ತೇ ಇಲ್ಲ, ಹಾಗಾಗಿ ಅವಳು ಒಂದು ರೀತಿ ಸುಖಿ ಎಂದು ಹಲವರು ಬರೆಯುತ್ತಾರೆ. ಇದನ್ನು ಒಪ್ಪಬಹುದೇ? ಮತ್ತು ಕೊನೆಯ ಸಾವು ಶಿಕ್ಷೆಯೋ, ಬಿಡುಗಡೆಯೋ?

ಉತ್ತರ 4

ಸುಖಿ ಎನ್ನುವುದು ರೊಡ್ರಿಗೊನ ಅನುಕೂಲಕ್ಕೆ ಒದಗುವ ಮಾತು, ಓದುಗರ ಅನುಕೂಲಕ್ಕೂ. ಆಸ್ಪಿರಿನ್ ಪ್ರಸಂಗವೊಂದೇ ಸಾಕು ಅದನ್ನು ಅಲ್ಲಗಳೆಯಲು. ಆದರೆ ಅವಳಲ್ಲಿ ಸಂತೋಷವೇ ಇಲ್ಲ ಎನ್ನುವುದೂ ಅಷ್ಟೇ ದೊಡ್ಡ ತಪ್ಪು. ಹಲ್ಲು ಕೀಳಿಸಬೇಕೆಂದು ಬಾಸ್‌ಗೆ ಸುಳ್ಳು ಹೇಳಿ ರಜೆ ಹಾಕುತ್ತಾಳೆ. ಮರಿಯಾಗಳೆಲ್ಲ ಕೆಲಸಕ್ಕೆ ಹೋಗಿರುತ್ತಾರೆ. ಕೋಣೆ ಪೂರ್ತಿ ತನ್ನದಾದ ಆ ಹೊತ್ತಿನಲ್ಲಿ ಕುಣಿಯುತ್ತಾಳೆ, ಎರವಲು ತಂದ ಕಾಫಿಪುಡಿಗೆ ಬಿಸಿನೀರು ಬೆರೆಸಿ ಕುಡಿಯುತ್ತಾಳೆ. ಇಡೀ ಪುಸ್ತಕದಲ್ಲಿ ಅವಳು ತಾನೇ ಯೋಜಿಸಿ ಮಾಡಿದ ಕೆಲಸ ಇದು. ವಿಮರ್ಶೆಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಸಿಗುವುದಿಲ್ಲ, ನೀವು ಕೊಡಿ. ಹಾಗೆಯೇ ಹಾರ್ಡ್‌ವೇರ್ ಅಂಗಡಿಯ ಮುಂದೆ ಒಲಿಂಪಿಕೊ ಜೊತೆ ನಿಂತು ತನಗೆ ಸ್ಕ್ರೂ, ಮೊಳೆ ಅಂದರೆ ತುಂಬಾ ಇಷ್ಟ, ನಿಮಗೆ ಎಂದು ಕೇಳುವುದು. ಎಲ್ಲರೂ ಇಲ್ಲಿ ನಗುತ್ತಾರೆ. ಮೌನ ಕವಿದಾಗ ಕಣ್ಣೆದುರಿಗಿದ್ದ ವಸ್ತುವನ್ನು ಹಿಡಿದು ಸಂಬಂಧ ಉಳಿಸಿಕೊಳ್ಳಲು ಒಬ್ಬಳು ಪಡುವ ಪ್ರಯತ್ನ ಅದು, ಬಹಳ ಬುದ್ಧಿಯ ಪ್ರಯತ್ನ.

ಸಾವಿಗೆ ಬರೋಣ. ಶಿಕ್ಷೆ, ಬಿಡುಗಡೆ ಎರಡನ್ನೂ ಬದಿಗಿಟ್ಟು ಯಂತ್ರ ಹೇಗೆ ಕೆಲಸ ಮಾಡುತ್ತದೆ ನೋಡಿ. ಭವಿಷ್ಯ ಹೇಳುವ ಮದಾಮ ಕಾರ್ಲೋಟಾಳ ಮನೆಗೆ ಹೋಗಲು ದುಡ್ಡು ಸಾಲ ಕೊಟ್ಟದ್ದು ಗ್ಲೋರಿಯಾ. ಹಾನ್ಸ್ ಎಂಬ ಹಣವಂತ ವಿದೇಶಿ ಮದುವೆಯಾಗುತ್ತಾನೆ ಎಂದು ಕಾರ್ಲೋಟಾ ಹೇಳುತ್ತಾಳೆ. ಮೊದಲು ಬಂದಿದ್ದ ಹುಡುಗಿಗೆ ವಾಹನ ಗುದ್ದುತ್ತದೆ ಎಂದು ಹೇಳಿದೆ, ಅವಳು ಅತ್ತುಕೊಂಡು ಹೋದಳು ಎಂದೂ ಹೇಳುತ್ತಾಳೆ. ಭವಿಷ್ಯ ಸುಳ್ಳಾಗಲಿಲ್ಲ, ವಿಳಾಸ ತಪ್ಪಿತು. ಬಂದದ್ದು ಹಳದಿ ಮರ್ಸಿಡಿಸ್, ವಿದೇಶಿ ಐಷಾರಾಮದ ಕಾರು, ಮುಂದೆ ನಕ್ಷತ್ರದ ಗುರುತು. ಅವಳಿಗೆ ಭರವಸೆ ಕೊಟ್ಟದ್ದೆಲ್ಲ ಬಂತು, ಅವಳ ಮೇಲೆ ಹಾದು ಹೋಯಿತು. ಶೀರ್ಷಿಕೆಯ ‘ನಕ್ಷತ್ರ’ದಲ್ಲಿ ಸಿನೆಮಾ ತಾರೆಯೂ ಇದ್ದಾಳೆ, ಕಾರಿನ ಲಾಂಛನವೂ ಇದೆ. ಜನ ಸುತ್ತ ನಿಂತು ನೋಡುವುದು, ಯಾರೋ ಪಕ್ಕದಲ್ಲಿ ಮೇಣದಬತ್ತಿ ಹಚ್ಚಿಡುವುದು, ಇವು ಅವಳಿಗೆ ಸಿಕ್ಕ ಮೊದಲ ಪ್ರೇಕ್ಷಕರು, ಮೊದಲ ಬೆಳಕು.

ಕಂಸದೊಳಗೆ ಬರುವ ‘ಸ್ಫೋಟ’ ಎಂಬ ಪದವನ್ನು ಪುಸ್ತಕದುದ್ದಕ್ಕೂ ಗುರುತು ಹಾಕಿಕೊಳ್ಳಿ. ಅವಳೊಳಗೆ ಏನೋ ಜರುಗುತ್ತಿದೆ, ನಿರೂಪಕನಿಗೆ ಅದನ್ನು ವಾಕ್ಯವಾಗಿಸಲು ಆಗುತ್ತಿಲ್ಲ ಎಂಬುದರ ಸೂಚನೆ ಎಂದು ನಾನು ಅದನ್ನು ಓದುತ್ತೇನೆ. ಕಾರ್ಲೋಟಾಳ ಮನೆಯ ಪುಟಗಳಲ್ಲಿ ಅವುಗಳನ್ನು ವಿಶೇಷವಾಗಿ ಗಮನಿಸಿ. ‘ಭವಿಷ್ಯದ ಬಗ್ಗೆ ಹೇಳುವುದಾದರೆ’ ಎಂಬ ಶೀರ್ಷಿಕೆಯ ಹಿಂದೆಯೂ ಮುಂದೆಯೂ ಪೂರ್ಣವಿರಾಮವಿದೆ. ಸಾಯುವಾಗ ಅವಳ ಬಾಯಿಂದ ಸ್ಪಷ್ಟವಾಗಿ ಹೊರಡುವುದೂ ಅದೇ ಮಾತು. ಎರಡೂ ಕಡೆ ಮುಚ್ಚಿದ ಭವಿಷ್ಯ.

1977ರ ಫೆಬ್ರವರಿಯಲ್ಲಿ ಟಿವಿ ಕುಲ್ತೂರಾ ಸಂದರ್ಶನದಲ್ಲಿ ಲಿಸ್ಪೆಕ್ಟರ್ ಈ ಬರಹವನ್ನು ತುಳಿತಕ್ಕೊಳಗಾದ ಮುಗ್ಧತೆಯ, ಅನಾಮಿಕ ದೈನ್ಯದ ಕಥೆ ಎಂದು ವಿವರಿಸಿದ್ದಾರೆ. ರಿಯೊದ ಸಾವೊ ಕ್ರಿಸ್ತೋವಾವ್‌ನಲ್ಲಿ ಈಶಾನ್ಯದವರು ಸೇರುವ ಸಂತೆಗೆ ಹೋಗಿದ್ದು, ಭವಿಷ್ಯ ಹೇಳುವವಳಿಂದ ಒಳ್ಳೆಯ ಮಾತು ಕೇಳಿ ಟ್ಯಾಕ್ಸಿಯಲ್ಲಿ ಮರಳುವಾಗ ಈಗ ತನಗೇ ವಾಹನ ಗುದ್ದಿದರೆ ಎಂದು ಅನಿಸಿದ್ದು, ಎರಡನ್ನೂ ಅಲ್ಲೇ ಹೇಳಿಕೊಂಡಿದ್ದಾರೆ. ಪುಸ್ತಕ ಬಂದ ಕೆಲವೇ ವಾರಗಳಲ್ಲಿ, ಡಿಸೆಂಬರ್ 9ರಂದು, ತೀರಿಕೊಂಡರು. ಈ ಸಂಗತಿಯನ್ನು ಹಿಡಿದು ಮಕಬೇಯಾಳ ಸಾವನ್ನು ಲೇಖಕಿಯ ಸಾವಿನ ಮುನ್ಸೂಚನೆ ಎಂದು ಬರೆಯುವ ಸೆಳೆತ ಇರುತ್ತದೆ, ತಡೆದುಕೊಳ್ಳಿ. ಹಾಗೆ ಬರೆದ ಕೂಡಲೇ ಹುಡುಗಿ ಮತ್ತೆ ಹಿಂದೆ ಸರಿದು ಅವಳ ಜಾಗದಲ್ಲಿ ಲೇಖಕಿ ಬಂದು ನಿಲ್ಲುತ್ತಾರೆ.

ಉತ್ತರ 5

ಹೋಲಿಕೆಗೆ ಒಂದೆರಡು ಪುಟ ಉಳಿದರೆ: ಗ್ರಾಸಿಲಿಯಾನೊ ರಾಮೋಸ್ ಅವರ ‘ವಿದಾಸ್ ಸೆಕಸ್’ (1938) ಅದೇ ಒಣನಾಡಿನ ವಲಸೆ ಕುಟುಂಬದ್ದು. ಅಲ್ಲಿ ನಿರೂಪಕ ‘ನಾನು’ ಎನ್ನುವುದೇ ಇಲ್ಲ, ಮಾತು ಬಾರದ ಫಬಿಯಾನೊನ ತಲೆಯೊಳಗಿನಿಂದ ಹೇಳುತ್ತಾನೆ. ನಾಯಿಗೆ ಬಲೇಯಾ ಎಂಬ ಹೆಸರಿದೆ, ಇಬ್ಬರು ಗಂಡುಮಕ್ಕಳಿಗೆ ಹೆಸರಿಲ್ಲ. ಕರೊಲಿನಾ ಮರಿಯಾ ಜಿ ಜೆಸೂಸ್ ಅವರ ‘ಕ್ವಾರ್ತೊ ಜಿ ದೆಸ್ಪೇಜೊ’ (1960) ಕಾದಂಬರಿಯಲ್ಲ, ದಿನಚರಿ. ಸಾವೊ ಪಾವ್ಲೊದ ಕನಿಂದೆ ಫವೇಲಾದಲ್ಲಿ ಕಾಗದ ಆಯುತ್ತಿದ್ದ ಹೆಣ್ಣೇ ಬರೆದದ್ದು. ಮಕಬೇಯಾ ಕಾಗದ ನುಂಗುತ್ತಾಳೆ, ಕರೊಲಿನಾ ಆಯ್ದ ಕಾಗದದ ಮೇಲೆ ಬರೆಯುತ್ತಾರೆ. ಬಡವರ ಪರವಾಗಿ ಮಾತಾಡುವ ಅಧಿಕಾರದ ಬಗ್ಗೆ ರೊಡ್ರಿಗೊ ಪಡುವ ಸಂಕಟವನ್ನು ಈ ದಿನಚರಿಯ ಪಕ್ಕ ಇಟ್ಟರೆ ಅದರ ಮಿತಿ ಕಾಣುತ್ತದೆ. ಅವರಿಗೆ ಯಾವ ರೊಡ್ರಿಗೊನೂ ಬೇಕಾಗಲಿಲ್ಲ, ದಿನಚರಿಯನ್ನು ಸಂಪಾದಿಸಿ ಹೊರತಂದದ್ದು ಮಾತ್ರ ಔದಾಲಿಯೊ ದಾಂತಸ್ ಎಂಬ ಪತ್ರಕರ್ತ.

ಸುಜಾನಾ ಅಮರಾಲ್ ಅವರ ಚಲನಚಿತ್ರ (1985) ನೋಡಿ, ಆದರೆ ಪುಸ್ತಕಕ್ಕೆ ಬದಲಿಯಾಗಿ ಬೇಡ. ಮಕಬೇಯಾಳಾಗಿ ನಟಿಸಿದ ಮಾರ್ಸೇಲಿಯಾ ಕಾರ್ತಾಶೊ ಅವರಿಗೆ 1986ರ ಬರ್ಲಿನ್ ಉತ್ಸವದಲ್ಲಿ ಅತ್ಯುತ್ತಮ ನಟಿಯ ಬೆಳ್ಳಿ ಕರಡಿ ಬಂತು. ಚಿತ್ರದಲ್ಲಿ ರೊಡ್ರಿಗೊ ಇಲ್ಲ, ಊರೂ ಸಾವೊ ಪಾವ್ಲೊ. ಮೊದಲು ನೀವು ಕೇಳಿದ್ದೂ ಇದೇ ಅಲ್ಲವೇ, ಅವನನ್ನು ಬಿಟ್ಟರೆ ಏನಾಗುತ್ತದೆ ಎಂದು. ಬಿಟ್ಟು ನೋಡಿದವರೊಬ್ಬರಿದ್ದಾರೆ: ಹುಡುಗಿಗೆ ಮುಖ ಸಿಕ್ಕಿತು, ನೋಡುವವನ ತಪ್ಪು ಮಾಯವಾಯಿತು. ಕನ್ನಡಿಯ ದೃಶ್ಯವನ್ನು ಎರಡರಲ್ಲೂ ನೋಡಿ ಟಿಪ್ಪಣಿ ಮಾಡಿಕೊಳ್ಳಿ, ಲೇಖನದ ಮೊದಲ ಪ್ಯಾರಾ ಅಲ್ಲಿಂದಲೇ ಶುರುವಾಗಬಹುದು.